ಊರ ದೂರದರ್ಶನವೂ ಅದರ ಶಾಶ್ವತ ನಿಧಿಯೂ

ಉಪ್ಪಿನ ಋಣವೆಂಬುದು ಮನುಷ್ಯರಿಗೆ ಮಾತ್ರವಲ್ಲ, ಸಂಸ್ಥೆಗಳಿಗೂ ಉಂಟು. ಯಾರ ಹಣದಿಂದ ಒಂದು ಸಂಸ್ಥೆಯು ಬದುಕುವುದೋ ಅವರ ಮುಖವನ್ನು ನೋಡಿಯೇ ಅದು ಮಾತನಾಡುವುದೆಂಬುದು ಲೋಕಾನುಭವ. ವೃತ್ತಪತ್ರಿಕೆಗಳಿಗೆ ಈ ಮಾತು ಎಷ್ಟು ಸಲ್ಲುವುದೋ, ಮನೆಮನೆಯ ಚಾವಡಿಯಲ್ಲಿ ಕುಳಿತು ಆಬಾಲವೃದ್ಧರೊಡನೆ ಮಾತನಾಡುವ ದೂರದರ್ಶನಕ್ಕೆ ಅದಕ್ಕಿಂತಲೂ ಹೆಚ್ಚಾಗಿ ಸಲ್ಲುವುದು. ಉಡುಪಿ ಜಿಲ್ಲೆಯ ಗ್ರಾಮಗಳಿಗೂ ಪಟ್ಟಣಗಳಿಗೂ ತಮ್ಮದೇ ಆದ ಒಂದು ಸಾರ್ವಜನಿಕ ವಾಹಿನಿ ಬೇಕೇ, ಬೇಕಾದರೆ ಅದನ್ನು ಯಾರ ಹಣದಿಂದ ಸಾಕತಕ್ಕದ್ದು ಎಂಬ ಪ್ರಶ್ನೆಯನ್ನು ನಮ್ಮ ಮಹಾಜನರ ಮತ್ತು ಅಧಿಕಾರಿವರ್ಗದ ಅವಗಾಹನೆಗೆ ತರುವ ಕಾಲವು ಬಂದಿದೆಯೆಂದು ನಾವು ಭಾವಿಸುತ್ತೇವೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ, ಎರಡನೆಯದೇ ಕಠಿನ. ಆದರೆ ಎರಡನೆಯದನ್ನು ಬಿಡಿಸದೆ ಮೊದಲನೆಯದಕ್ಕೆ ಕೈಹಾಕಿದ ಪ್ರಯತ್ನಗಳು ನಮ್ಮ ದೇಶದಲ್ಲಿ ಯಾವ ಗತಿಯನ್ನು ಹೊಂದಿದುವೆಂಬುದನ್ನು ಚರಿತ್ರೆಯು ಸಾಕಷ್ಟು ತಿಳಿಸಿದೆ.

ದೃಷ್ಟಾಂತಕ್ಕೆ ಕಟಪಾಡಿಯನ್ನು ತೆಗೆದುಕೊಳ್ಳೋಣ. ಉಡುಪಿಯಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ, ಈಗ ಕಾಪು ತಾಲೂಕಿಗೆ ಸೇರಿದ ಈ ಊರಿನ ಪಡುವಣಕ್ಕೆ ಮಟ್ಟು ಗ್ರಾಮವೂ ಕಡಲೂ ಇವೆ. ಮೂಡಣಕ್ಕೆ ಶಂಕರಪುರದ ಮಲ್ಲಿಗೆಯ ತೋಟಗಳಿವೆ. ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಉಡುಪಿ ಮಲ್ಲಿಗೆಗೆ ಅದಕ್ಕೂ ಮೊದಲೇ ದೊರೆತಿತ್ತು. ಇಲ್ಲಿಯ ಸಂಸಾರವೊಂದಕ್ಕೆ ದಿನವೂ ತಿಳಿಯಬೇಕಾದ ಸಂಗತಿಗಳು ಯಾವುವು? ಈ ದಿನ ಮಲ್ಲಿಗೆ ಅಟ್ಟೆಗೆ ಎಷ್ಟು? ಗುಳ್ಳಕ್ಕೆ ಬಿದ್ದ ರೋಗಕ್ಕೆ ಮದ್ದು ಏನು? ಕಡಲು ಎಲ್ಲಿ ಕೊರೆಯುತ್ತಿದೆ, ಗದ್ದೆಗೆ ಉಪ್ಪುನೀರು ನುಗ್ಗದಂತೆ ಹಾಕಬೇಕಾದ ಹಲಗೆಗಳನ್ನು ಹಾಕಿರುವರೇ? ಪೇಟೆಯಲ್ಲಿ ಹೆದ್ದಾರಿಯನ್ನು ದಾಟುವ ಮಕ್ಕಳಿಗೂ ಮುದುಕರಿಗೂ ಏನು ಏರ್ಪಾಡು? ಮುಂದಿನ ಗ್ರಾಮಸಭೆ ಯಾವಾಗ, ಹಿಂದಿನ ಗ್ರಾಮಸಭೆಯಲ್ಲಿ ಒಪ್ಪಿಕೊಂಡ ಕೆಲಸಗಳಲ್ಲಿ ಎಷ್ಟು ಆದುವು? ಇವುಗಳಲ್ಲಿ ಒಂದಕ್ಕಾದರೂ ರಾಜಧಾನಿಯ ವಾಹಿನಿಗಳು ಉತ್ತರ ಹೇಳುವುದಿಲ್ಲ. ಅವುಗಳ ಕಣ್ಣಿಗೆ ಕಟಪಾಡಿಯು ಬೀಳುವುದು ಅಪಘಾತವೋ ದುರಂತವೋ ನಡೆದ ದಿನ ಮಾತ್ರ.

2020ರ ಸೆಪ್ಟೆಂಬರ್ 20ರ ಮಳೆಯನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಬೆಳಗಾಗುವುದರೊಳಗೆ ತಗ್ಗಿನ ಮನೆಗಳು ನೀರಿನಲ್ಲಿ ನಿಂತುವು. ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ಅಂತಹ ರಾತ್ರಿಯಲ್ಲಿ ಜನರಿಗೆ ಬೇಕಾದುದು ರಾಜ್ಯದ ಹವೆಯ ಸಮಾಚಾರವಲ್ಲ. ಯಾವ ಸೇತುವೆಯ ಮೇಲೆ ನೀರು ಬಂದಿದೆ, ಯಾವ ಶಾಲೆಯಲ್ಲಿ ಆಶ್ರಯ ತೆರೆದಿದೆ, ಯಾವ ದಾರಿಯಿಂದ ಹೋಗಬೇಕು ಎಂಬುದನ್ನು ತಮ್ಮ ಭಾಷೆಯಲ್ಲಿ, ತುಳುವಿನಲ್ಲಾಗಲಿ ಕೊಂಕಣಿಯಲ್ಲಾಗಲಿ ಬ್ಯಾರಿಯಲ್ಲಾಗಲಿ ಕನ್ನಡದಲ್ಲಾಗಲಿ, ನಂಬತಕ್ಕ ಬಾಯಿಯೊಂದು ಹೇಳಬೇಕು. ಕೈಯೊಳಗಿನ ದೂರವಾಣಿಯಲ್ಲಿ ಸುದ್ದಿಗಳಿಗೆ ಬರವಿಲ್ಲವೆಂಬುದು ನಿಜ. ಆದರೆ ಅಲ್ಲಿ ಹಿಂದಿನ ವರ್ಷದ ನೆರೆಯ ಚಿತ್ರವು ಈ ವರ್ಷದ್ದೆಂದು ಓಡಾಡುವುದನ್ನೂ, ಒಡೆಯದ ಕಟ್ಟೆಯು ಒಡೆಯಿತೆಂದು ಜನರು ಗಾಬರಿಗೊಳ್ಳುವುದನ್ನೂ ನಾವೆಲ್ಲರೂ ಕಂಡವರೇ. ಹೆಸರಿಲ್ಲದವನು ಹೇಳಿದ ಸುದ್ದಿಗೆ ಹೊಣೆಗಾರನಿಲ್ಲ. ಊರಿನ ವಾಹಿನಿಗೆ ಹೆಸರುಂಟು, ವಿಳಾಸವುಂಟು, ಕೇಳತಕ್ಕ ಮಹಾಜನರುಂಟು.

ನಮ್ಮ ಕರಾವಳಿಯಲ್ಲಿ ಸ್ಥಳೀಯ ವಾಹಿನಿಗಳು ಇಲ್ಲವೆಂದು ನಾವು ಹೇಳುತ್ತಿಲ್ಲ. ಕೇಬಲ್ ತಂತಿಯು ಮನೆಗಳಿಗೆ ಬಂದಂದಿನಿಂದ ಉತ್ಸಾಹಿಗಳಾದ ಅನೇಕರು ತಮ್ಮ ಕೈಯಿಂದಲೇ ಹಣ ಹಾಕಿ ವಾಹಿನಿಗಳನ್ನು ನಡೆಸಿದ್ದಾರೆ, ನಡೆಸುತ್ತಿದ್ದಾರೆ. ಯಕ್ಷಗಾನವನ್ನೂ ನೇಮೋತ್ಸವವನ್ನೂ ಕಂಬಳವನ್ನೂ ಬ್ರಹ್ಮಕಲಶೋತ್ಸವವನ್ನೂ ಹಾಸಿಗೆ ಹಿಡಿದ ಮುದುಕರ ಕಣ್ಣೆದುರಿಗೆ ತಂದವರು ಅವರೇ. ಅವರ ಸೇವೆಯನ್ನು ನಾವು ಮನಃಪೂರ್ವಕವಾಗಿ ಕೊಂಡಾಡುತ್ತೇವೆ. ಆದರೆ ಅವರು ಬದುಕಬೇಕಾದರೆ ಜಾಹೀರಾತು ಬೇಕು. ಇಲ್ಲವೆ ನೇರಪ್ರಸಾರಕ್ಕೆ ಹಣ ತೆರುವ ಪ್ರಾಯೋಜಕರು ಬೇಕು. ಇದರ ಫಲವು ಸಹಜವಾಗಿಯೇ ಏನಾಗುವುದು? ಧನಿಕ ದೇವಸ್ಥಾನದ ಉತ್ಸವವು ಮೂರು ದಿನ ಕಾಣಿಸುವುದು. ಬಡ ಗರಡಿಯ ನೇಮವು ಒಂದು ಗಳಿಗೆಯೂ ಕಾಣಿಸುವುದಿಲ್ಲ. ಚಿನ್ನದ ಅಂಗಡಿಯ ಪ್ರಾರಂಭೋತ್ಸವಕ್ಕೆ ಕ್ಯಾಮೆರಾ ಹೋಗುವುದು, ಗ್ರಾಮಸಭೆಗೆ ಹೋಗುವುದಿಲ್ಲ. ಚುನಾವಣೆಯು ಬಂದಾಗ ಹಣವುಳ್ಳ ಉಮೇದುವಾರನ ಮೆರವಣಿಗೆ ಉದ್ದವಾಗುವುದು, ಹಣವಿಲ್ಲದವನದು ಗಿಡ್ಡವಾಗುವುದು. ಇದು ಯಾರೊಬ್ಬರ ದುರ್ಬುದ್ಧಿಯ ಫಲವಲ್ಲ. ಹಣದ ದಾರಿಯ ಫಲ. ನೀರು ತಗ್ಗಿನ ಕಡೆಗೆ ಹರಿದರೆ ನೀರನ್ನು ಬೈದು ಪ್ರಯೋಜನವೇನು? ಕಾಲುವೆಯನ್ನು ಬೇರೆ ಕಡೆಗೆ ತೋಡಬೇಕು.

ಕಾಲುವೆ ತೋಡಲು ಕಾನೂನಿನಲ್ಲಿ ಎಡೆಯಿದೆಯೇ? ಇದೆ. 1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಬಂಗಾಳ ಕ್ರಿಕೆಟ್ ಸಂಘದ ವ್ಯಾಜ್ಯದಲ್ಲಿ ವಾಯುತರಂಗಗಳು ಸಾರ್ವಜನಿಕ ಸೊತ್ತು, ಅವು ಸರಕಾರದ ಅಥವಾ ಖಾಸಗಿಯವರ ಏಕಸ್ವಾಮ್ಯವಲ್ಲ ಎಂದು ಘೋಷಿಸಿತು. 2022ರ ನವೆಂಬರ್ 30ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯವು ಕೇಬಲ್ ಜಾಲಗಳನ್ನು ನಡೆಸುವ ದೊಡ್ಡ ಸಂಸ್ಥೆಗಳ ಸ್ವಂತ ವಾಹಿನಿಗಳ ವಿಷಯವಾಗಿ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಅಂತಹ ವಾಹಿನಿಗಳು ಜಾಲದ ಒಟ್ಟು ವಾಹಿನಿಗಳ ಶೇಕಡಾ 5ನ್ನು ಮೀರಕೂಡದು. ಆದರೆ ಸ್ಥಳೀಯ ಅಗತ್ಯಕ್ಕಾಗಿ ಪ್ರತಿ ಜಿಲ್ಲೆಗೂ ಇನ್ನೆರಡು ವಾಹಿನಿಗಳಿಗೆ ಅವಕಾಶವಿದೆ. ನೋಂದಣಿಯ ಶುಲ್ಕ ವಾಹಿನಿಯೊಂದಕ್ಕೆ ಕೇವಲ 1000 ರೂಪಾಯಿ. ಎಂದರೆ ಉಡುಪಿ ಜಿಲ್ಲೆಗೂ ಎರಡು ಮಣೆಗಳನ್ನು ಕಾನೂನು ಹಾಕಿಟ್ಟಿದೆ. ಅವುಗಳಲ್ಲಿ ಒಂದನ್ನು ವ್ಯಾಪಾರಕ್ಕೆ ಬಿಟ್ಟು ಇನ್ನೊಂದನ್ನು ಸಾರ್ವಜನಿಕರಿಗೆ ಮೀಸಲಾಗಿಡಬೇಕೆಂದು ನಿಯಮವು ಹೇಳಿಲ್ಲವೆಂಬುದೇ ಕೊರತೆ. ಮಣೆಯುಂಟು, ಆದರೆ ಎಲೆಯ ಮೇಲೆ ಅನ್ನ ಬಡಿಸುವವರು ಯಾರು ಎಂಬುದನ್ನು ನಿಯಮವು ವಿಚಾರಿಸಿಯೇ ಇಲ್ಲ.

ಈ ಅನ್ನದ ಪ್ರಶ್ನೆಯು ಕರ್ನಾಟಕಕ್ಕೆ ಹೊಸದಲ್ಲ. 1935ರ ಸೆಪ್ಟೆಂಬರಿನಲ್ಲಿ ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ 30 ವ್ಯಾಟ್ ಶಕ್ತಿಯ ಪುಟ್ಟ ಪ್ರೇಷಕವನ್ನಿಟ್ಟು ಬಾನುಲಿಯನ್ನು ಪ್ರಾರಂಭಿಸಿದರು. ‘ಆಕಾಶವಾಣಿ’ ಎಂಬ ಸುಂದರವಾದ ಹೆಸರು ಆ ನಿಲಯದಿಂದಲೇ ದೇಶಕ್ಕೆಲ್ಲ ಹಬ್ಬಿತು. ಪ್ರಾಧ್ಯಾಪಕರು ಸ್ವಂತ ಹಣವನ್ನು ಸುರಿದರು. ಸಾರ್ವಜನಿಕರೂ ಮೈಸೂರು ನಗರಸಭೆಯೂ ನೆರವಾದುವು. ಇಷ್ಟಾದರೂ ಒಬ್ಬ ಮಹನೀಯನ ಜೇಬು ಎಷ್ಟು ವರ್ಷ ತಡೆದೀತು? 1942ರಲ್ಲಿ ಮೈಸೂರು ಸರಕಾರವು ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಅಖಿಲ ಭಾರತ ಬಾನುಲಿಯ ಅಂಗವಾಯಿತು. ನಿಲಯವು ಉಳಿಯಿತು, ಬೆಳೆಯಿತು. ಅದು ಸಂತೋಷವೇ ಸರಿ. ಆದರೆ ಊರಿನವರ ಸ್ವಂತದ್ದಾಗಿದ್ದುದು ಸರಕಾರದ್ದಾಯಿತು. ಅಂದೇ ಅದಕ್ಕೊಂದು ಶಾಶ್ವತ ನಿಧಿಯಿದ್ದಿದ್ದರೆ ಭಾರತದಲ್ಲಿ ಜನರ ಬಾನುಲಿಯ ಸಂಪ್ರದಾಯವೊಂದು ಮೈಸೂರಿನಿಂದಲೇ ಬೆಳೆದು ಬರುತ್ತಿತ್ತೆಂದು ನಾವು ನಂಬುತ್ತೇವೆ.

ಎರಡನೆಯ ಪಾಠವು ಉತ್ತರ ಕರ್ನಾಟಕದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ನಮ್ಮ ಬಾಹ್ಯಾಕಾಶ ವಿಜ್ಞಾನಿಗಳು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿದರು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಬೆಂಗಳೂರಿನ ಪಟ್ಟಣಿಗರಿಗಿಂತ ಮೊದಲೇ ದೂರದರ್ಶನವನ್ನು ಕಂಡರೆಂಬುದು ನಮ್ಮ ನಾಡಿನ ಅಭಿಮಾನದ ಸಂಗತಿ. ಒಕ್ಕಲುತನ, ಆರೋಗ್ಯ, ಮಕ್ಕಳ ಶಿಕ್ಷಣ ಮೊದಲಾದ ವಿಷಯಗಳು ಊರಿನ ಸಾರ್ವಜನಿಕ ಪೆಟ್ಟಿಗೆಯಲ್ಲಿ ಮೂಡಿದುವು. ವರ್ಷ ತುಂಬಿತು, ಎರವಲಿನ ಉಪಗ್ರಹವನ್ನು ಒಡೆಯರು ಹಿಂದಕ್ಕೆ ಪಡೆದರು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರೇಷಕವು ಸ್ಥಾಪನೆಯಾಗುವ ವರೆಗೆ ಪೆಟ್ಟಿಗೆಗಳು ಮೂಕವಾಗಿದ್ದುವು. ಆ ಪ್ರೇಷಕದ ಅಳವಿಗೆ ಸಿಕ್ಕದ ಹಳ್ಳಿಗಳಲ್ಲಿ ಆಮೇಲೆಯೂ ಮೂಕವಾಗಿಯೇ ಉಳಿದುವು. ಎರವಲಿನ ಒಡವೆಯನ್ನು ಹಾಕಿಕೊಂಡು ಮದುವೆಗೆ ಹೋಗಬಹುದು, ಸಂಸಾರ ನಡೆಸಲಾಗುವುದಿಲ್ಲ.

ಮೂರನೆಯದು ಕೋಲಾರ ಜಿಲ್ಲೆಯ ಬೂದಿಕೋಟೆಯದು. ಅಲ್ಲಿಯ ‘ನಮ್ಮ ಧ್ವನಿ’ ಎಂಬ ಕೇಂದ್ರವು ಯುನೆಸ್ಕೋ ಮತ್ತು ಎರಡು ಸೇವಾಸಂಸ್ಥೆಗಳ ನೆರವಿನಿಂದ 2001ರಲ್ಲಿ ಆರಂಭವಾಯಿತು. ಆಗ ಜನರ ಬಾನುಲಿಗೆ ಸರಕಾರವು ಪರವಾನಗಿ ಕೊಡುತ್ತಿರಲಿಲ್ಲ. ಹಳ್ಳಿಯ ಹೆಂಗಸರೂ ತರುಣರೂ ಸೇರಿ ತಯಾರಿಸಿದ ಕಾರ್ಯಕ್ರಮಗಳನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು; ಬಳಿಕ ಊರಿನ ಕೇಬಲ್ ತಂತಿಯಲ್ಲೇ ಸೇರಿಸಿ ಮನೆಮನೆಗೆ ಕಳುಹಿಸಿದರು. ಕೇಬಲ್ ತಂತಿಯು ಕೇವಲ ಸಿನೆಮಾಕ್ಕಲ್ಲ, ಜನರ ಮಾತಿಗೂ ಬರುವುದೆಂದು ಕನ್ನಡನಾಡಿನಲ್ಲಿಯೇ ಇಪ್ಪತ್ತು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟ ಉದಾಹರಣೆಯಿದು. ಜನರಿಗೆ ಕೈಲಾಗದೆಂಬ ಮಾತನ್ನು ಇನ್ನು ಯಾರೂ ಆಡಲಾಗದು.

2006ರಲ್ಲಿ ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅನುಮತಿ ದೊರೆಯಿತು. ಇಂದು ದೇಶದಲ್ಲಿ ಐನೂರಕ್ಕೂ ಹೆಚ್ಚು ಅಂತಹ ನಿಲಯಗಳಿವೆ; ನಮ್ಮ ಮಣಿಪಾಲದಲ್ಲಿಯೂ 90.4ರ ಅಲೆಯಲ್ಲಿ ಒಂದುಂಟು, ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಸಂಸ್ಥೆಯ ‘ಸಾರಂಗ್’ ಉಂಟು. ಈ ಎರಡಕ್ಕೂ ಬೆನ್ನಿಗೆ ವಿದ್ಯಾಸಂಸ್ಥೆಗಳಿರುವುದನ್ನು ವಾಚಕರು ಗಮನಿಸಬೇಕು. ಬೆನ್ನಿಗೆ ಯಾರೂ ಇಲ್ಲದ ನಿಲಯಗಳ ಪಾಡೇನು? ಕೇಂದ್ರ ಸರಕಾರದ ಸಹಾಯ ಯೋಜನೆಯು ಯಂತ್ರೋಪಕರಣಗಳ ವೆಚ್ಚದಲ್ಲಿ ಒಂದು ಪಾಲನ್ನು ಕೊಡುವುದು. ದಿನದಿನದ ಖರ್ಚಿಗೆ, ವಿದ್ಯುತ್ತಿಗೆ, ಕೆಲಸಗಾರರ ಸಂಬಳಕ್ಕೆ ಆಧಾರವಾಗುವುದಿಲ್ಲ. ಗಾಡಿ ಕೊಡಿಸಿದವರು ಎತ್ತಿನ ಹುಲ್ಲನ್ನು ಮರೆತಂತಾಯಿತು. ಜಾಹೀರಾತಿಗೆ ಮೊದಲು ಗಂಟೆಗೆ 7 ನಿಮಿಷ ಮಾತ್ರ ಅವಕಾಶವಿತ್ತು. 2024ರ ಫೆಬ್ರವರಿಯ ನಿಯಮಗಳು ಅದನ್ನು 12 ನಿಮಿಷಕ್ಕೆ ಏರಿಸಿ, ಸರಕಾರಿ ಜಾಹೀರಾತಿನ ದರವನ್ನು 10 ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಹೆಚ್ಚಿಸಿದುವು. ಲೆಕ್ಕ ಹಾಕಿದರೆ ತುಂಬಿದ ಗಂಟೆಯೊಂದಕ್ಕೆ 5328 ರೂಪಾಯಿ ಬಂದಂತೆ ಕಾಗದದ ಮೇಲೆ ತೋರುವುದು. ಆದರೆ ಹಳ್ಳಿಯ ನಿಲಯಕ್ಕೆ ಗಂಟೆ ತುಂಬುವಷ್ಟು ಜಾಹೀರಾತನ್ನು ಕೊಡುವವರಾರು? ಬಂದ ಜಾಹೀರಾತಿನ ಹಣವು ಕೈಸೇರುವುದು ಯಾವಾಗ?

ಮೇಲಿನವರ ಒಂದು ಕಾಗದದಿಂದ ಇಂತಹ ಸಂಸ್ಥೆಗಳ ಪ್ರಾಣವು ಹೇಗೆ ತಲ್ಲಣಿಸುವುದೆಂಬುದಕ್ಕೆ 2012ರ ಪ್ರಸಂಗವೇ ಸಾಕ್ಷಿ. ವಾರ್ಷಿಕ ತರಂಗಶುಲ್ಕವನ್ನು 19,700 ರೂಪಾಯಿಯಿಂದ 91,000 ರೂಪಾಯಿಗೆ ಒಮ್ಮೆಲೇ ಏರಿಸಲಾಯಿತು. ದೇಶದ ಸಮುದಾಯ ನಿಲಯಗಳು ಮೇ ತಿಂಗಳಲ್ಲಿ ಒಂದು ದಿನ ಮೌನವ್ರತವನ್ನು ಹಿಡಿದು ಪ್ರತಿಭಟಿಸಿದ ಮೇಲೆ ಏರಿಕೆಯನ್ನು ತಡೆಹಿಡಿಯಲಾಯಿತು. ಮೌನವೇ ಮಾತಾದ ಆ ದಿನವು ಹೊಗಳತಕ್ಕದ್ದೇ. ಆದರೆ ಪ್ರತಿವರ್ಷವೂ ಮೌನವ್ರತ ಹಿಡಿದು ಬದುಕಲಾದೀತೇ?

ಹೊರದೇಶಗಳ ಅನುಭವವನ್ನೂ ತೂಗಿ ನೋಡೋಣ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1984ರ ಕೇಬಲ್ ಕಾನೂನಿನ ಪ್ರಕಾರ ನಗರಸಭೆಗಳು ತಮ್ಮ ಬೀದಿಗಳಲ್ಲಿ ತಂತಿಯೆಳೆಯುವ ಕಂಪನಿಗಳಿಂದ ಅವುಗಳ ಕೇಬಲ್ ಉತ್ಪನ್ನದ ಶೇಕಡಾ 5ರ ವರೆಗೆ ಶುಲ್ಕವನ್ನು ಪಡೆಯಬಹುದು. ಸಾರ್ವಜನಿಕರಿಗೂ ವಿದ್ಯಾಸಂಸ್ಥೆಗಳಿಗೂ ಊರಾಡಳಿತಕ್ಕೂ ವಾಹಿನಿಗಳನ್ನು ಮೀಸಲಿಡಬೇಕೆಂದು ಕೇಳಬಹುದು. ಊರಿನ ಬೀದಿಯು ಊರಿನವರದು, ಅದನ್ನು ಬಳಸುವವನು ಬಾಡಿಗೆ ಕೊಡತಕ್ಕದ್ದು, ಆ ಬಾಡಿಗೆಯಿಂದ ಊರಿನವರ ಮಾತಿಗೆ ಎಡೆಯಾಗತಕ್ಕದ್ದು ಎಂಬ ಈ ನ್ಯಾಯವು ಬಹು ಸೊಗಸಾದುದು. ನೂರಾರು ಊರುಗಳಲ್ಲಿ ಸಾಮಾನ್ಯ ಜನರು ಕ್ಯಾಮೆರಾ ಹಿಡಿಯಲು ಕಲಿತುದು ಇದರಿಂದಲೇ. ಆದರೆ ಈಗ ಜನರು ಕೇಬಲನ್ನು ಬಿಟ್ಟು ಅಂತರ್ಜಾಲದ ಕಡೆಗೆ ತಿರುಗುತ್ತಿರಲಾಗಿ ಉತ್ಪನ್ನವು ಕುಗ್ಗಿ, ಶುಲ್ಕವೂ ಕುಗ್ಗಿ, ಆ ವಾಹಿನಿಗಳು ಸಂಕಟಕ್ಕೆ ಬಿದ್ದಿವೆ. ಒಂದೇ ತಂತಿಗೆ ಕಟ್ಟಿದ ಉಯ್ಯಾಲೆಯು ತಂತಿ ಸಡಿಲಿದೊಡನೆ ನೆಲಕ್ಕೆ ಬರುವುದು. ಅದೇ ದೇಶದಲ್ಲಿ 1967ರ ಕಾನೂನಿನಿಂದ ಸ್ಥಾಪಿತವಾದ ಸಾರ್ವಜನಿಕ ಪ್ರಸಾರ ನಿಗಮಕ್ಕೆ ಕೊಡಲು ಒಪ್ಪಿದ್ದ ಸುಮಾರು 110 ಕೋಟಿ ಡಾಲರುಗಳ ಅನುದಾನವನ್ನು 2025ರ ಜುಲೈಯಲ್ಲಿ ಅಲ್ಲಿಯ ಶಾಸನಸಭೆಯು ಹಿಂತೆಗೆದುಕೊಂಡಿತು. ಅರುವತ್ತು ವರ್ಷಗಳಿಗೆ ಸಮೀಪಿಸಿದ ಸಂಸ್ಥೆಯು ಬಾಗಿಲು ಮುಚ್ಚುವ ತಯಾರಿಗೆ ತೊಡಗಬೇಕಾಯಿತು. ಸರಕಾರದ ಕೃಪೆಯನ್ನು ಮಾತ್ರ ನಂಬಿದವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೇ?

ಈ ಎಲ್ಲವುಗಳಿಂದ ಹೊರಡುವ ಸಾರವು ಒಂದೇ. ಊರ ವಾಹಿನಿಯು ಒಬ್ಬ ದಾನಿಯ ಜೇಬನ್ನಾಗಲಿ, ಒಂದು ಯೋಜನೆಯ ಅವಧಿಯನ್ನಾಗಲಿ, ಒಂದು ಸರಕಾರದ ಮನಸ್ಸನ್ನಾಗಲಿ, ಒಂದು ವ್ಯಾಪಾರದ ಲಾಭವನ್ನಾಗಲಿ ನಂಬಿ ಬದುಕಕೂಡದು. ಅದರ ಮೂಲಧನವು ಊರಿನವರೆಲ್ಲರ ಕೈಯಿಂದ ಸ್ವಲ್ಪಸ್ವಲ್ಪವಾಗಿ, ತಪ್ಪದೆ, ಕಾನೂನಿನ ಬಲದಿಂದ ಬರಬೇಕು. ಉಳಿದ ಹಣವು ಹಲವು ಕಡೆಗಳಿಂದ ಬಂದು, ಯಾವ ಒಂದು ಕಡೆಯೂ ಯಜಮಾನನಾಗದಂತೆ ಇರಬೇಕು.

ಸ್ವಲ್ಪಸ್ವಲ್ಪವಾಗಿ ಎಂಬ ಮಾತನ್ನು ಕೇಳಿ ನಗುವವರಿಗೆ ನಮ್ಮ ಜಿಲ್ಲೆಯ ಚರಿತ್ರೆಯೇ ಉತ್ತರ ಕೊಡುವುದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮನುಷ್ಯನು ಮನೆಯ ಬಾಗಿಲಿಗೆ, ಅಂಗಡಿಯ ಕಟ್ಟೆಗೆ ದಿನವೂ ಬಂದು ಎರಡಾಣೆಯಂತಹ ಚಿಕ್ಕ ಮೊತ್ತವನ್ನು ಎತ್ತಿಕೊಂಡು ಹೋಗುತ್ತಿದ್ದನು. ನೇಕಾರನೂ ಬೀಡಿ ಕಟ್ಟುವವಳೂ ಮೀನು ಮಾರುವವಳೂ ಕೂಡಿಸಿದ ಆ ಎರಡಾಣೆಗಳಿಂದ ಸಿಂಡಿಕೇಟ್ ಬ್ಯಾಂಕು ದೇಶದ ದೊಡ್ಡ ಬ್ಯಾಂಕುಗಳ ಸಾಲಿಗೆ ಬಂದಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಪಿಗ್ಮಿಯೆಂಬ ಮಾತು ನಮ್ಮ ಪೇಟೆಗಳಲ್ಲಿ ಇನ್ನೂ ಬಾಳುತ್ತಿದೆ. ಎರಡಾಣೆಯಿಂದ ಬ್ಯಾಂಕನ್ನು ಕಟ್ಟಿದ ನಾಡಿಗೆ ಎರಡು ಪೈಸೆಯಿಂದ ವಾಹಿನಿಯನ್ನು ಸಾಕಲಾರದೇ?

ಎರಡು ಪೈಸೆಯೆಂದುದು ಅಲಂಕಾರಕ್ಕಲ್ಲ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನಿಂದ ಗ್ರಂಥಾಲಯ ಕರವು ಜಾರಿಯಲ್ಲಿದೆ. ಮನೆತೆರಿಗೆಯ ರಸೀದಿಯನ್ನು ನೋಡಿದವರಿಗೆ ತೆರಿಗೆಯ ಮೇಲೆ ಶೇಕಡಾ 6ರಂತೆ ಗ್ರಂಥಾಲಯ ಕರ, ಅದರೊಡನೆ ಆರೋಗ್ಯ, ಶಿಕ್ಷಣ ಕರಗಳು ಸೇರಿರುವುದು ತಿಳಿದಿದೆ. ಓದುವ ಮನೆಯನ್ನು ಊರಿನವರೆಲ್ಲರೂ ಸೇರಿ ಸಾಕಬೇಕೆಂಬ ತತ್ತ್ವವನ್ನು ನಮ್ಮ ಶಾಸನಸಭೆಯು ಅರುವತ್ತು ವರ್ಷಗಳ ಹಿಂದೆಯೇ ಅಂಗೀಕರಿಸಿದೆ. ಅದೇ ತತ್ತ್ವದಿಂದ ಮನೆತೆರಿಗೆಯ ರೂಪಾಯಿಗೆ ಎರಡು ಪೈಸೆಯ ಪ್ರಸಾರ ಕರವನ್ನು ವಿಧಿಸಲು 1993ರ ಪಂಚಾಯತ್ ಕಾನೂನಿಗೂ ಪೌರಸಂಸ್ಥೆಗಳ ಕಾನೂನಿಗೂ ತಿದ್ದುಪಡಿ ತರಬೇಕೆಂಬುದು ನಮ್ಮ ಸೂಚನೆ. ವರ್ಷಕ್ಕೆ 1000 ರೂಪಾಯಿ ತೆರಿಗೆ ಕೊಡುವ ಮನೆಗೆ ಇದು 20 ರೂಪಾಯಿ. ತಿಂಗಳಿಗೆ ಎರಡು ರೂಪಾಯಿಗೂ ಕಡಿಮೆ. ಗುಡಿಸಲಿಗೆ ತೆರಿಗೆಯೇ ಕಡಿಮೆಯಾದುದರಿಂದ ಕರವೂ ಕಡಿಮೆ. ದೊಡ್ಡ ಮಳಿಗೆಗೆ ಹೆಚ್ಚು. ಕೇಬಲನ್ನು ಬಿಟ್ಟು ಜನರು ಬೇರೆ ಸಾಧನಕ್ಕೆ ಹೋದರೂ ಈ ಕರವು ಬತ್ತುವುದಿಲ್ಲ. ಏಕೆಂದರೆ ಇದು ತಂತಿಗೆ ಕಟ್ಟಿದುದಲ್ಲ, ಮನೆಗೆ ಕಟ್ಟಿದುದು. ಅಮೆರಿಕದ ಅನುಭವವು ಕಲಿಸುವ ಮುಖ್ಯ ಪಾಠವು ಇದೇ.

ಆದರೆ ಗ್ರಂಥಾಲಯ ಕರವು ಕಲಿಸುವ ಇನ್ನೊಂದು ಪಾಠವನ್ನೂ ಮುಚ್ಚಿಡಲಾಗದು. ಸಂಗ್ರಹಿಸಿದ ಕರವನ್ನು ಗ್ರಂಥಾಲಯಕ್ಕೆ ಸಲ್ಲಿಸದೆ ಸ್ಥಳೀಯ ಸಂಸ್ಥೆಗಳು ಬಾಕಿಯುಳಿಸಿಕೊಂಡ ದೂರುಗಳು ವರ್ಷವರ್ಷವೂ ಕೇಳಿಬರುತ್ತವೆ. ಪುಸ್ತಕಕ್ಕೆಂದು ಪ್ರಜೆಯು ಕೊಟ್ಟ ಹಣವು ಚರಂಡಿಗೋ ಸಂಬಳಕ್ಕೋ ವ್ಯಯವಾದರೆ ಅದು ಪ್ರಜೆಗೆ ಮಾಡಿದ ದ್ರೋಹವೇ. ಆದುದರಿಂದ ಪ್ರಸಾರ ಕರವು ವಸೂಲಾದೊಡನೆ ಪ್ರತ್ಯೇಕ ಖಾತೆಗೆ ತಾನಾಗಿಯೇ ಹೋಗುವಂತೆ ಕಾನೂನಿನಲ್ಲಿಯೇ ಬರೆದಿರಬೇಕು. ಪ್ರತಿ ತಿಂಗಳ ಲೆಕ್ಕವನ್ನು ವಾಹಿನಿಯಲ್ಲಿಯೇ ಓದಿ ಹೇಳಬೇಕು.

ಕರದ ಹಣವು ಒಟ್ಟು ಆದಾಯದ ಅರ್ಧವನ್ನು ಮೀರಬಾರದು. ಇಲ್ಲವಾದರೆ ವಾಹಿನಿಯು ಪಂಚಾಯತಿನ ತುತ್ತೂರಿಯಾದೀತು. ಇನ್ನರ್ಧಕ್ಕೆ ಮೂರು ದಾರಿಗಳುಂಟು. ಸಂಘಸಂಸ್ಥೆಗಳಿಂದಲೂ ಮನೆಗಳಿಂದಲೂ ಪಿಗ್ಮಿಯ ರೀತಿಯಲ್ಲಿ ಎತ್ತುವ ಸ್ವಯಂಚಂದಾ ಮೊದಲನೆಯದು. ಮುಂಬಯಿಯಲ್ಲಿಯೂ ಅರಬಸ್ತಾನದ ಕೊಲ್ಲಿಯ ದೇಶಗಳಲ್ಲಿಯೂ ದುಡಿಯುತ್ತ ಊರಿನ ನೇಮವನ್ನೂ ಕಂಬಳವನ್ನೂ ಕಾಣಲು ಹಂಬಲಿಸುವ ನಮ್ಮವರು ಇದರಲ್ಲಿ ಹಿಂದೆಬೀಳಲಾರರು. ಎರಡನೆಯದು ಜಾಹೀರಾತು, ಆದರೆ ಯಾವನೊಬ್ಬ ಜಾಹೀರಾತುದಾರನಿಂದಲೂ ಆದಾಯದ ಹತ್ತನೆಯ ಒಂದಂಶಕ್ಕಿಂತ ಹೆಚ್ಚು ಬರಕೂಡದು, ಉಮೇದುವಾರರ ಹಣವು ಮಾತ್ರ ಎಂದಿಗೂ ಬೇಡ. ಮೂರನೆಯದು ಮುಟ್ಟದ ಮೂಲಧನ. 2013ರ ಕಂಪನಿ ಕಾನೂನಿನ ಪ್ರಕಾರ ನಿಶ್ಚಿತ ಮಟ್ಟಕ್ಕೆ ಮೀರಿದ ಕಂಪನಿಗಳು ಲಾಭದ ಶೇಕಡಾ 2ನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕಷ್ಟೆ. ಯಂತ್ರ, ಕಟ್ಟಡ, ತರುಣರ ತರಬೇತಿಗಳಿಗೆ ಅದನ್ನು ಪಡೆಯಬಹುದು. ದಾನಿಗಳು ಕೊಟ್ಟ ದೊಡ್ಡ ಮೊತ್ತಗಳನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯನ್ನು ಮಾತ್ರ ಬಳಸಬಹುದು. ದಾನಿಯ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸೋಣ. ಕಾರ್ಯಕ್ರಮದ ಪಟ್ಟಿಯನ್ನು ಮಾತ್ರ ಅವನ ಕೈಗೆ ಕೊಡದಿರೋಣ.

ಆಡಳಿತದ ವಿಷಯದಲ್ಲಿಯೂ ಒಂದು ಮಾತು. ಸರಕಾರಗಳೂ ಅವುಗಳಿಗೆ ಸೇರಿದ ಸಂಸ್ಥೆಗಳೂ ನೇರವಾಗಿ ಪ್ರಸಾರಕ್ಕೆ ಇಳಿಯಬಾರದೆಂದು ಕೇಂದ್ರ ಮಂತ್ರಾಲಯವು 2022ರ ಅಕ್ಟೋಬರಿನಲ್ಲಿ ಸೂಚನೆ ಕೊಟ್ಟಿದೆ. ಕೆಲವರು ಇದನ್ನು ಅಡ್ಡಿಯೆಂದು ಬಗೆಯಬಹುದು. ನಾವು ವರವೆಂದು ಬಗೆಯುತ್ತೇವೆ. ಪಂಚಾಯತು ಹಣವನ್ನು ಕೂಡಿಸಿಕೊಡಲಿ, ಬಾಯಾಗದಿರಲಿ. ಲಾಭದ ಉದ್ದೇಶವಿಲ್ಲದ ಒಂದು ಕಂಪನಿಯನ್ನು ಜಿಲ್ಲೆಗೆ ಸ್ಥಾಪಿಸಿ, ಅದರ ಆಡಳಿತ ಮಂಡಳಿಯಲ್ಲಿ ಬೆಸ್ತರು, ಒಕ್ಕಲಿಗರು, ಮಲ್ಲಿಗೆ ಬೆಳೆಯುವವರು, ಸ್ವಸಹಾಯ ಸಂಘಗಳ ಸ್ತ್ರೀಯರು, ಉಪಾಧ್ಯಾಯರು, ವ್ಯಾಪಾರಿಗಳು ಸರದಿಯಂತೆ ಕುಳಿತುಕೊಳ್ಳಲಿ. ಪಕ್ಷಗಳ ಪದಾಧಿಕಾರಿಗಳಿಗೆ ಅಲ್ಲಿ ಆಸನ ಬೇಡ. ಕಾರ್ಯಕ್ರಮಕ್ಕೆ ಹೊತ್ತು ಕೇಳಿದವರಿಗೆ ಚೀಟಿ ಎತ್ತಿ ಹೊತ್ತು ಕೊಡಲಿ. ಕೇಬಲ್ ಜಾಲದ ಯಜಮಾನರು ಜಿಲ್ಲೆಯ ಎರಡು ಮಣೆಗಳಲ್ಲಿ ಒಂದನ್ನು ಈ ಕಂಪನಿಗೆ ಬಿಟ್ಟುಕೊಡುವುದನ್ನು ಕೇಂದ್ರವು ಕಡ್ಡಾಯ ಮಾಡಲಿ. ಕಡ್ಡಾಯವಾಗುವ ವರೆಗೆ ಯಜಮಾನರೇ ಔದಾರ್ಯವನ್ನು ತೋರಲಿ.

ಹೊಸ ತೆರಿಗೆಯೇ ಎಂದು ಹುಬ್ಬುಗಂಟಿಕ್ಕುವವರು ಇರುವರು. ತೆರಿಗೆಯ ಭಾರವನ್ನು ನಾವೂ ಅರಿಯದವರಲ್ಲ. ಆದರೆ ಊರಿನ ವಾಹಿನಿಯು ಈಗ ಧರ್ಮಕ್ಕೆ ನಡೆಯುತ್ತಿದೆಯೆಂದು ತಿಳಿಯುವುದು ಭ್ರಮೆ. ಜಾಹೀರಾತುದಾರನು ತಾನು ಕೊಟ್ಟ ಹಣವನ್ನು ಸಾಬೂನಿನ ಮೇಲೆ, ಸೀರೆಯ ಮೇಲೆ, ಚಿನ್ನದ ಮೇಲೆ ಹಾಕಿ ನಮ್ಮಿಂದಲೇ ವಸೂಲು ಮಾಡುತ್ತಾನೆ. ಉಮೇದುವಾರನು ಕೊಟ್ಟ ಹಣವನ್ನು ಗೆದ್ದ ಮೇಲೆ ಯಾವ ಬಾಬಿನಿಂದ ತುಂಬಿಕೊಳ್ಳುವನೆಂಬುದನ್ನು ವಿವರಿಸಬೇಕಾಗಿಲ್ಲ. ಕೊಡುವವರು ಎರಡು ಕಡೆಯೂ ನಾವೇ. ಕಾಣದಂತೆ ಕೊಟ್ಟಾಗ ಕೇಳುವ ಹಕ್ಕಿಲ್ಲ. ರಸೀದಿ ಪಡೆದು ಕೊಟ್ಟಾಗ ಕೇಳುವ ಹಕ್ಕುಂಟು. ಇಪ್ಪತ್ತು ರೂಪಾಯಿಯ ರಸೀದಿಯನ್ನು ಹಿಡಿದ ಕಟಪಾಡಿಯ ಹೆಂಗಸೊಬ್ಬಳು, ನಮ್ಮ ಓಣಿಯ ನೀರಿನ ಸಂಗತಿಯನ್ನು ಏಕೆ ತೋರಿಸಲಿಲ್ಲವೆಂದು ಕೇಳುವ ದಿನವೇ ಈ ವಾಹಿನಿಯು ನಿಜವಾಗಿ ಹುಟ್ಟಿದ ದಿನ.

ಅಂತರ್ಜಾಲವಿರುವಾಗ ವಾಹಿನಿಯೇಕೆ ಎಂಬವರಿಗೆ ನಮ್ಮ ಉತ್ತರವು ಇಷ್ಟೇ. ವಾಹಿನಿಯು ತಂತಿಯಲ್ಲಿ ಬಂದರೂ ಅಂತರ್ಜಾಲದಲ್ಲಿ ಬಂದರೂ ನಮಗೆ ಅಭ್ಯಂತರವಿಲ್ಲ, ಎರಡರಲ್ಲಿಯೂ ಬರಲಿ. ಮುಖ್ಯವಾದುದು ಸಾಧನವಲ್ಲ, ಸಾಧಕರು. ಗ್ರಾಮಸಭೆಗೆ ಹೋಗಿ ಕುಳಿತು, ಲೆಕ್ಕಪತ್ರವನ್ನು ಓದಿ, ಎರಡು ಕಡೆಯವರನ್ನೂ ಮಾತನಾಡಿಸಿ, ಹೆಸರು ಹಾಕಿ ಹೇಳುವ ನಾಲ್ಕು ಮಂದಿ ತರುಣ ತರುಣಿಯರಿಗೆ ತಿಂಗಳ ಸಂಬಳ ಸಿಕ್ಕಬೇಕು. ಅವರು ಇಲ್ಲದೆ ಯಂತ್ರವು ಎಷ್ಟು ಹೊಸದಾದರೂ ಬರಿಯ ಪೆಟ್ಟಿಗೆಯೇ. ಪತ್ರಿಕೋದ್ಯಮವನ್ನು ಕಲಿಸುವ ವಿದ್ಯಾಲಯಗಳಿರುವ ಈ ಜಿಲ್ಲೆಯಲ್ಲಿ ಅಂತಹ ತರುಣರಿಗೆ ಕೊರತೆಯಿಲ್ಲ; ಕಲಿತವರು ಬೆಂಗಳೂರಿಗೆ ಹೋಗದೆ ಊರಿನಲ್ಲಿ ನಿಲ್ಲಲು ಅನ್ನದ ಕೊರತೆಯಿದೆ.

ಈ ಕಾರ್ಯವು ಎಲ್ಲಿಂದಾದರೂ ಪ್ರಾರಂಭವಾಗಬೇಕು. ತಿದ್ದುಪಡಿಯು ವಿಧಾನಸೌಧದಿಂದ ಬರುವ ವರೆಗೆ ಕಾಯಬೇಕಾದ ಕಾರಣವಿಲ್ಲ. ಕಾಪು ತಾಲೂಕಿನ ಗ್ರಾಮ ಪಂಚಾಯತುಗಳು ತಮ್ಮ ಮುಂದಿನ ಗ್ರಾಮಸಭೆಗಳಲ್ಲಿ ಈ ವಿಷಯವನ್ನು ಚರ್ಚೆಗಿಟ್ಟು ನಿರ್ಣಯ ಮಾಡಿ ಸರಕಾರಕ್ಕೆ ಕಳುಹಿಸಬಹುದು. ಸ್ವಯಂಚಂದಾದಿಂದ ವಾರಕ್ಕೊಂದು ಗಂಟೆಯ ಕಾರ್ಯಕ್ರಮವನ್ನು ಈಗಿರುವ ವಾಹಿನಿಗಳಲ್ಲಿಯೇ ನಡೆಸಿ ತೋರಿಸಬಹುದು. ಜಿಲ್ಲಾಧಿಕಾರಿಗಳೂ ಶಾಸಕರೂ ಕೇಬಲ್ ಜಾಲದವರೊಡನೆ ಒಂದು ಸಭೆಯನ್ನು ಕರೆದರೆ ಜಿಲ್ಲೆಯ ಎರಡು ಮಣೆಗಳು ಈಗ ಯಾರ ವಶದಲ್ಲಿವೆಯೆಂಬುದಾದರೂ ಸಾರ್ವಜನಿಕರಿಗೆ ತಿಳಿಯುವುದು.

ಸ್ವರಾಜ್ಯವೆಂದರೆ ದಿಲ್ಲಿಯಲ್ಲಿ ಧ್ವಜವನ್ನು ಏರಿಸುವುದು ಮಾತ್ರವಲ್ಲವೆಂದು ನಮ್ಮ ಹಿರಿಯರು ಬೋಧಿಸಿದರು. ಗ್ರಾಮವು ತನ್ನ ಲೆಕ್ಕವನ್ನು ತಾನು ನೋಡುವುದು, ತನ್ನ ತಪ್ಪನ್ನು ತಾನು ತಿದ್ದಿಕೊಳ್ಳುವುದು, ತನ್ನ ಮಾತನ್ನು ತಾನು ಆಡುವುದು, ಇವೇ ಸ್ವರಾಜ್ಯದ ಬೇರುಗಳು. ಪರರ ಅನ್ನವನ್ನುಂಡು ಸ್ವಂತ ಮಾತನ್ನಾಡುವುದು ಸಾಧ್ಯವಿಲ್ಲ. ನಮ್ಮ ಊರು ಮಾತನಾಡಬೇಕಾದರೆ ಅದರ ಮಾತಿನ ಖರ್ಚನ್ನು ನಮ್ಮ ಊರೇ ಹೊರಬೇಕು. ಆ ಖರ್ಚು ರೂಪಾಯಿಗೆ ಎರಡು ಪೈಸೆ. ಅದನ್ನು ಕೊಡಲು ಮಹಾಜನರು ಹಿಂಜರಿಯಲಾರರೆಂದೂ, ಅದನ್ನು ಕಾಪಾಡಲು ಅಧಿಕಾರಿಗಳು ಮರೆಯಬಾರದೆಂದೂ ನಾವು ದೃಢವಾಗಿ ಹೇಳಬಯಸುತ್ತೇವೆ.